ಬೆಲ್ಲದ ಮಂಡಿಗೆ ಮೇನ್‌ಫ್ರೇಮ್ ಸ್ಕ್ರೀನ್: ಗೋ3270 ಹಿಡಿಯಬಹುದಾ?

ಪ್ರಶ್ನೆ: ನಾನು ಮಂಡ್ಯದವಳು. ಮೈಸೂರಿನ ಒಂದು ಐಟಿ ಕಂಪನಿಯಲ್ಲಿ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರಿನ ಸಪೋರ್ಟ್ ಕೆಲಸ. ಸೇರಿ ಎರಡು ವರ್ಷ ಆಯ್ತು. ದಿನವಿಡೀ ಅದರ 3270 ಸ್ಕ್ರೀನ್ ಮುಂದೆ ಕೂರುತ್ತೇನೆ. ಆದರೆ ಆ ಸ್ಕ್ರೀನ್ ಆಚೆ ಕಡೆಯಿಂದ ಹೇಗೆ ಬರುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ. ಗೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೋ3270 ಅನ್ನೋ ಓಪನ್ ಸೋರ್ಸ್ ಲೈಬ್ರರಿ ಇದೆ ಅಂತ ತಿಳಿಯಿತು. ನನ್ನ ಅಣ್ಣ ಬೆಲ್ಲದ ಮಂಡಿ ನಡೆಸುತ್ತಾನೆ. ಅಲ್ಲಿ ಗುಮಾಸ್ತರು ತೂಕ, ದರ ಎಲ್ಲ ಪುಸ್ತಕದಲ್ಲಿ ಬರೆದು, ರಾತ್ರಿ ಎಕ್ಸೆಲ್‌ಗೆ ಹಾಕುತ್ತಾರೆ. ಅದಕ್ಕೆ ಈ ಲೈಬ್ರರಿಯಲ್ಲಿ ಒಂದು ಎಂಟ್ರಿ ಸ್ಕ್ರೀನ್ ಮಾಡಿಕೊಡಬಹುದಾ? ಕನ್ನಡದಲ್ಲಿ ತೋರಿಸಬಹುದಾ? ಮನೆಯಿಂದಲೂ ನೋಡೋ ಹಾಗೆ ಇಂಟರ್ನೆಟ್‌ಗೆ ಬಿಡಬಹುದಾ? ಇದರಿಂದ ನನ್ನ ಕೆಲಸಕ್ಕೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಮಾಡಬಹುದು, ಮಾಡಿ. ಆದರೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಮಂಡಿಯಲ್ಲಿ ಎಂಟ್ರಿ ಮಾಡುವವರು ಕೀಬೋರ್ಡ್ ಇರುವ ಕಂಪ್ಯೂಟರ್ ಮುಂದೆ ಕೂರುತ್ತಾರಾ, ಅಥವಾ ಮೊಬೈಲ್ ಹಿಡಿದು ಮೂಟೆಗಳ ನಡುವೆ ಓಡಾಡುತ್ತಾರಾ? ಮೊಬೈಲ್ ಅಂದರೆ ಈ ಯೋಚನೆ ಇಲ್ಲಿಗೇ ಬಿಡಿ, ಒಂದು ಸಣ್ಣ ವೆಬ್ ಪುಟ ಮಾಡಿಕೊಡಿ. ರಾತ್ರಿ ಎಕ್ಸೆಲ್‌ಗೆ ಹಾಕುತ್ತಾರೆ ಅಂತ ನೀವೇ ಬರೆದಿದ್ದೀರಿ, ಅಂದರೆ ಗುಮಾಸ್ತರಿಗೆ ಕೀಬೋರ್ಡ್ ಕೈಗೆ ಕೂತಿದೆ. ಹಾಗಾಗಿ ಮುಂದುವರಿಸುತ್ತೇನೆ.

ನೀವು ದಿನಾ ನೋಡುವ ಸ್ಕ್ರೀನ್‌ನ ಮೂಲ ಐಬಿಎಂ 1971ರಲ್ಲಿ ತಂದ 3270 ಟರ್ಮಿನಲ್‌ಗಳು, ಅಂದರೆ ದೊಡ್ಡ ಕಂಪ್ಯೂಟರಿಗೆ ಹೊಂದಿಸಿದ ಸ್ಕ್ರೀನ್ ಮತ್ತು ಕೀಬೋರ್ಡ್. 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920 ಜಾಗ. ಈಗಲೂ ಎಮ್ಯುಲೇಟರ್ (ಆ ಟರ್ಮಿನಲ್ ಥರ ನಡೆದುಕೊಳ್ಳುವ ಪ್ರೋಗ್ರಾಂ) ತೆರೆದರೆ ಸಾಮಾನ್ಯವಾಗಿ ಸಿಗುವುದು ಅದೇ ಅಳತೆ. ಆಗಿನ ಕಾಲಕ್ಕೆ ಸೆಕೆಂಡಿಗೆ 9600 ಬಿಟ್ ವೇಗದ ಫೋನ್ ಲೈನ್ ಅಂದರೆ ದೊಡ್ಡ ಮಾತು. ಆ ಲೈನಲ್ಲಿ 1920 ಅಕ್ಷರ ಕಳಿಸೋಕೆ ಒಂದೂವರೆ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಒಂದೊಂದು ಕೀ ಒತ್ತಿದಾಗಲೂ ದೊಡ್ಡ ಕಂಪ್ಯೂಟರನ್ನು ಮಾತಾಡಿಸುತ್ತಾ ಕೂತರೆ ನೂರಾರು ಟರ್ಮಿನಲ್ ನಡೆಸೋದು ಆಗದ ಮಾತು. ಅದಕ್ಕೇ ಅವರು ಬೇರೆ ದಾರಿ ಹಿಡಿದರು. ಕಂಪ್ಯೂಟರ್ ಒಂದು ಖಾಲಿ ಫಾರಂ ಕಳಿಸುತ್ತದೆ. ತುಂಬುವುದು, ತಿದ್ದುವುದು, ಅಳಿಸುವುದು ಎಲ್ಲ ಟರ್ಮಿನಲ್ ಒಳಗೇ ನಡೆಯುತ್ತದೆ. ಎಂಟರ್ ಅಥವಾ ಪಿಎಫ್ ಕೀ (ಪಿಎಫ್1, ಪಿಎಫ್2 ಥರದ ಫಂಕ್ಷನ್ ಕೀ) ಒತ್ತಿದಾಗ ಮಾತ್ರ ತುಂಬಿದ ವಿಷಯ ವಾಪಸ್ ಹೋಗುತ್ತದೆ.

ಬ್ಯಾಂಕಿನಲ್ಲಿ ಚಲನ್ ತುಂಬಿ ಕೌಂಟರಿಗೆ ಕೊಡುತ್ತೇವಲ್ಲ, ಅದೇ ಲೆಕ್ಕ. ನಾವು ಬರೆಯುವಾಗ ಕೌಂಟರಿನವರು ನಮ್ಮ ಪೆನ್ ನೋಡುತ್ತಾ ನಿಲ್ಲುವುದಿಲ್ಲ. ಲಿನಕ್ಸ್‌ನ ಕಪ್ಪು ಟರ್ಮಿನಲ್ಲೂ ನೋಡೋಕೆ ಹೀಗೇ ಕಾಣಬಹುದು, ಆದರೆ ಅದು ಬೇರೆ ಜಾತಿ. ಅದರಲ್ಲಿ ಕೀ ಒತ್ತಿದ ಹಾಗೇ ಅಕ್ಷರ ಹೋಗುತ್ತಾ ಇರುತ್ತದೆ. ಈ ವ್ಯತ್ಯಾಸ ತಲೆಗೆ ಹತ್ತಿದರೆ ಗೋ3270 ಅರ್ಧ ಕಲಿತ ಹಾಗೆ.

ಈ ಲೈಬ್ರರಿ ಮಾಡುವುದೂ ಇಷ್ಟೇ: ನಿಮ್ಮ ಗೋ ಪ್ರೋಗ್ರಾಂ ಮೇನ್‌ಫ್ರೇಮ್ ಇರುವ ಜಾಗದಲ್ಲಿ ನಿಲ್ಲುತ್ತದೆ. ಆಚೆ ಕಡೆ ಗುಮಾಸ್ತರು ಎಕ್ಸ್3270 ಥರದ ಎಮ್ಯುಲೇಟರ್ ತೆರೆದು ನಿಮ್ಮ ಪೋರ್ಟಿಗೆ ಕನೆಕ್ಟ್ ಆಗುತ್ತಾರೆ. ವಿಂಡೋಸ್ ಆದರೆ ಅದೇ ಗುಂಪಿನ ಡಬ್ಲ್ಯುಸಿ3270 ಸಿಗುತ್ತದೆ. ಎರಡೂ ಉಚಿತ, ಓಪನ್ ಸೋರ್ಸ್. ಗೋ3270ಗೆ ಎಂಐಟಿ ಲೈಸೆನ್ಸ್ ಇದೆ, ಅಂದರೆ ಅಣ್ಣನ ವ್ಯಾಪಾರಕ್ಕೆ ಬಳಸೋಕೆ ಅಡ್ಡಿ ಇಲ್ಲ. ಮೇನ್‌ಫ್ರೇಮ್ ಎಲ್ಲೂ ಬೇಡ. ಮಂಡಿಯಲ್ಲಿ ಈಗಿರುವ ಹಳೇ ಕಂಪ್ಯೂಟರೇ ಸಾಕು.

ಕೆಲಸ ಹೀಗೆ ನಡೆಯುತ್ತದೆ. ಯಾರಾದರೂ ಕನೆಕ್ಟ್ ಆದ ತಕ್ಷಣ ನೆಗೋಷಿಯೇಟ್‌ಟೆಲ್ನೆಟ್ ಅನ್ನೋ ಫಂಕ್ಷನ್ ಕರೆಯಬೇಕು. ಈ ಸ್ಕ್ರೀನ್‌ಗಳನ್ನು ನೆಟ್‌ವರ್ಕಲ್ಲಿ ಸಾಗಿಸುವ ಟಿಎನ್3270 ಅನ್ನೋದು, ದೂರದ ಕಂಪ್ಯೂಟರಿಗೆ ಕನೆಕ್ಟ್ ಆಗುವ ಹಳೇ ಟೆಲ್ನೆಟ್ ಪದ್ಧತಿ ಮೇಲೆ ಕೂತ ಏರ್ಪಾಡು. ನೀನು ಯಾವ ಬಗೆಯ ಟರ್ಮಿನಲ್, ಬೈನರಿಯಲ್ಲಿ ಮಾತಾಡೋಣವಾ, ಒಂದು ದಾಖಲೆ ಮುಗಿದಿದ್ದು ಹೇಗೆ ಗೊತ್ತಾಗಬೇಕು ಅಂತ ಎರಡೂ ಕಡೆ ಮೊದಲೇ ಮಾತು ಮುಗಿಸಿಕೊಳ್ಳಬೇಕು. ಅದನ್ನು ಲೈಬ್ರರಿ ನೋಡಿಕೊಳ್ಳುತ್ತದೆ. ಆಮೇಲೆ ನೀವು ಒಂದು ಸ್ಕ್ರೀನ್ ಕಟ್ಟುತ್ತೀರಿ. ಸ್ಕ್ರೀನ್ ಅಂದರೆ ಫೀಲ್ಡ್‌ಗಳ ಒಂದು ಪಟ್ಟಿ, ಬೇರೇನೂ ಅಲ್ಲ. ಯಾವ ಸಾಲು, ಯಾವ ಕಾಲಂ, ಏನು ಬರೆದಿರಬೇಕು, ಬಳಕೆದಾರರು ಅಲ್ಲಿ ಬರೆಯಬಹುದಾ, ಹೆಸರೇನು, ಬಣ್ಣ ಯಾವುದು. ಅಷ್ಟನ್ನು ಹ್ಯಾಂಡಲ್‌ಸ್ಕ್ರೀನ್‌ಗೆ ಕೊಟ್ಟರೆ ಅದು ತೋರಿಸುತ್ತದೆ, ಕಾಯುತ್ತದೆ, ತಪ್ಪಿದ್ದರೆ ಮತ್ತೆ ಕೇಳುತ್ತದೆ. ಕೊನೆಗೆ ಯಾವ ಕೀ ಒತ್ತಿದರು, ಯಾವ ಫೀಲ್ಡಲ್ಲಿ ಏನಿತ್ತು ಅಂತ ವಾಪಸ್ ಕೊಡುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಸ್ವಲ್ಪ ನಿಧಾನವಾಗಿ ಓದಿ.

3270 ಸ್ಕ್ರೀನಲ್ಲಿ ಪ್ರತಿ ಫೀಲ್ಡಿನ ಮುಂದೆ ಒಂದು ಆಟ್ರಿಬ್ಯೂಟ್ ಬೈಟ್ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಒಂದು ಅಕ್ಷರದ ಜಾಗ ತಿನ್ನುತ್ತದೆ. ನೀವು ಗೋ3270ನಲ್ಲಿ ಸಾಲು 5, ಕಾಲಂ 20 ಅಂತ ಕೊಟ್ಟರೆ ಆ ಜಾಗದಲ್ಲಿ ಕೂರುವುದು ಆ ಬೈಟ್. ಬರೆಯುವುದು 21ರಿಂದ ಶುರು. ಎಣಿಕೆ ಸೊನ್ನೆಯಿಂದ ಅನ್ನೋದೂ ನೆನಪಿರಲಿ. ಇನ್ನೊಂದು ದೊಡ್ಡ ಸಂಗತಿ: ಫೀಲ್ಡಿಗೆ ಉದ್ದ ಅಂತ ಒಂದಿಲ್ಲ. ಮುಂದಿನ ಆಟ್ರಿಬ್ಯೂಟ್ ಬೈಟ್ ಸಿಗುವವರೆಗೂ ಅದು ಹರಿಯುತ್ತಾ ಹೋಗುತ್ತದೆ, ಗದ್ದೆಗೆ ಬದು ಕಟ್ಟದೆ ನೀರು ಬಿಟ್ಟ ಹಾಗೆ. ಸಾಲು ಮುಗಿದರೂ ನಿಲ್ಲದೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಅದಕ್ಕೆ ತೂಕದ ಫೀಲ್ಡಿಗೆ ಆರು ಅಂಕಿ ಸಾಕು ಅಂದರೆ, ಆರು ಜಾಗ ಬಿಟ್ಟು ಕಾಲಂ 27ರಲ್ಲಿ ಒಂದು ಖಾಲಿ ಫೀಲ್ಡ್ ಇಡಬೇಕು. ಬರೆಯೋಕೆ ಬಾರದ, ಏನೂ ಇಲ್ಲದ ಫೀಲ್ಡ್. ಅದೇ ಬದು. ನಾನು ಕಲಿಯುವಾಗ ಮಾಡಿದ ಮೊದಲ ಸ್ಕ್ರೀನಲ್ಲಿ ಇದನ್ನು ಬಿಟ್ಟಿದ್ದೆ. ಹೆಸರು ಬರೆಯುವ ಜಾಗ ಸ್ಕ್ರೀನಿನ ಕಾಲು ಭಾಗ ನುಂಗಿತ್ತು. ತಪ್ಪು ಎಲ್ಲಿ ಅಂತ ಹುಡುಕೋಕೆ ಒಂದು ಸಂಜೆ ಹಿಡಿಯಿತು.

ಈಗ ಗುಮಾಸ್ತರು ಆ ತೂಕದ ಫೀಲ್ಡಲ್ಲಿ 250 ಅಂತ ಬರೆದು ಎಂಟರ್ ಒತ್ತಿದರು ಅನ್ನಿ. ಸ್ಕ್ರೀನಲ್ಲಿ ತುಂಬುವ ಫೀಲ್ಡ್ ಅದೊಂದೇ ಇದ್ದರೆ, ತಂತಿಯಲ್ಲಿ ಹೋಗುವುದು, ಹೆಕ್ಸ್ (ಹದಿನಾರರ ಎಣಿಕೆ) ಅಂಕಿಯಲ್ಲಿ ಬರೆದರೆ, ಇಷ್ಟು: 7ಡಿ, ಸಿ6, ಇ8, 11, ಸಿ6, ಇ5, ಎಫ್2, ಎಫ್5, ಎಫ್0, ಎಫ್‌ಎಫ್, ಇಎಫ್. ಹನ್ನೊಂದೇ ಬೈಟ್. 7ಡಿ ಅಂದರೆ ಎಂಟರ್ ಒತ್ತಿದರು ಅಂತ. ಪಿಎಫ್3 ಆಗಿದ್ದರೆ ಎಫ್3 ಬರುತ್ತಿತ್ತು. ಮುಂದಿನ ಎರಡು ಬೈಟ್ ಕರ್ಸರ್ ನಿಂತ ಜಾಗ. ಸಾಲು 5 ಸಲ 80, ಅದಕ್ಕೆ 24 ಸೇರಿಸಿದರೆ 424. ಅದನ್ನು ಆರಾರು ಬಿಟ್‌ಗಳಾಗಿ ಒಡೆದು ಬರೆದರೆ ಸಿ6, ಇ8. 11 ಅಂದರೆ ಇನ್ನು ಮುಂದೆ ಒಂದು ವಿಳಾಸ ಬರುತ್ತದೆ ಅಂತ ಗುರುತು. ಸಿ6, ಇ5 ಅಂದರೆ 421, ಫೀಲ್ಡಿನ ಮೊದಲ ಅಕ್ಷರದ ಜಾಗ. ಎಫ್2, ಎಫ್5, ಎಫ್0 ಅನ್ನೋದು ಎಬ್ಸಿಡಿಕ್‌ನಲ್ಲಿ, ಅಂದರೆ ಐಬಿಎಂ ಮೇನ್‌ಫ್ರೇಮ್‌ಗಳ ಅಕ್ಷರ ಸಂಕೇತದಲ್ಲಿ, 250. ಕೊನೆಯ ಎರಡು, ದಾಖಲೆ ಮುಗಿಯಿತು ಅಂತ ಟೆಲ್ನೆಟ್ ಹೇಳುವುದು. ಒಂದು ಸಲ, ನೆಟ್‌ವರ್ಕಲ್ಲಿ ಹೋಗುವುದನ್ನು ತೋರಿಸುವ ವೈರ್‌ಶಾರ್ಕ್ ತೆರೆದು ಇದನ್ನು ಕಣ್ಣಾರೆ ನೋಡಿ. ಆಫೀಸಿನಲ್ಲಿ ಎರಡು ವರ್ಷದಿಂದ ನೀವು ಒತ್ತಿದ ಒಂದೊಂದು ಎಂಟರ್ ಕೂಡ ಹೆಚ್ಚುಕಮ್ಮಿ ಹೀಗೇ ಹೋಗಿದೆ. ನನಗೆ ಇದು ಮೊದಲ ಸಲ ಅರ್ಥ ಆದ ದಿನ ಆದ ಖುಷಿ ಇವತ್ತಿಗೂ ನೆನಪಿದೆ.

ಲೈಬ್ರರಿ ಇದನ್ನೆಲ್ಲ ಮರೆಮಾಡುತ್ತದೆ, ನಿಮಗೆ "ತೂಕ" ಅನ್ನೋ ಹೆಸರಿನ ಎದುರು "250" ಅಂತ ಸಿಗುತ್ತದೆ. ಹಾಗಿದ್ದರೂ ಕೆಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ, ಸ್ಕ್ರೀನ್ ಕೆಟ್ಟಾಗ ಎಲ್ಲಿ ನೋಡಬೇಕು ಅಂತಲೂ ಗೊತ್ತಿರುತ್ತದೆ.

ಇನ್ನು ಅಣ್ಣನ ಮಂಡಿ. ಒಂದೇ ಸ್ಕ್ರೀನಿಂದ ಶುರು ಮಾಡಿ: ಆಲೆಮನೆಯವರ ಖಾತೆ ನಂಬರ್, ಬೆಲ್ಲದ ಬಗೆ, ಮೂಟೆ ಎಷ್ಟು, ತೂಕ, ಕ್ವಿಂಟಲಿಗೆ ದರ. ಬಗೆಗೆ ಪೂರ್ತಿ ಹೆಸರು ಬರೆಸಬೇಡಿ. ಅಚ್ಚು, ಕುರಿಕಟ್ಟು, ಮುದ್ದೆ, ಬಕೆಟ್ ಅಂತ ನಾಲ್ಕು ಬಗೆ ಇದ್ದರೆ ಒಂದೊಂದಕ್ಕೆ ಒಂದೇ ಇಂಗ್ಲಿಷ್ ಅಕ್ಷರ ಸಾಕು. ಆ ಫೀಲ್ಡ್ ಮುಗಿಯುವಲ್ಲಿ ಇಡುವ ಬದುವಿಗೆ ಆಟೋಸ್ಕಿಪ್ ಹಾಕಿ. ಅಕ್ಷರ ಒತ್ತಿದ ತಕ್ಷಣ ಕರ್ಸರ್ ತಾನಾಗೇ ಮೂಟೆಯ ಫೀಲ್ಡಿಗೆ ಹಾರುತ್ತದೆ. ಹಮಾಲಿಗಳು ತೂಕ ಕೂಗುವಾಗ ಗುಮಾಸ್ತರ ಕಣ್ಣು ತಕ್ಕಡಿ ಮೇಲೆ, ಕೈ ಕೀಬೋರ್ಡ್ ಮೇಲೆ ಇರುತ್ತದೆ. ಮೌಸ್ ಹುಡುಕುವ ಕೆಲಸವೇ ಇಲ್ಲ. ಈ ಥರದ ಸ್ಕ್ರೀನ್ ಇವತ್ತಿಗೂ ಉಳಿದಿರುವುದು ಹಳೇದರ ಮೇಲಿನ ಮೋಹದಿಂದ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಒಂದೇ ಫಾರಂ ದಿನಕ್ಕೆ ನೂರಾರು ಸಲ ತುಂಬುವವರಿಗೆ ಇದಕ್ಕಿಂತ ವೇಗದ ಸಾಧನ ಕಡಿಮೆ.

ಇನ್ನೂ ಒಂದು ಅನುಕೂಲ ಇದೆ. ಎಂಟರ್ ಒತ್ತಿದ ಕ್ಷಣದಿಂದ ಸರ್ವರ್ ಉತ್ತರ ಕೊಡುವವರೆಗೆ ಟರ್ಮಿನಲ್ ಕೀಬೋರ್ಡನ್ನು ಲಾಕ್ ಮಾಡಿಬಿಡುತ್ತದೆ. ಸ್ಕ್ರೀನಿನ ಕೆಳಗೆ ಎಕ್ಸ್ ಗುರುತು ಬರುತ್ತದಲ್ಲ, ಅದೇ. ವೆಬ್ ಪುಟದಲ್ಲಿ ಅವಸರಕ್ಕೆ ಎರಡು ಸಲ ಬಟನ್ ಒತ್ತಿ ಒಂದೇ ಲಾಟ್ ಎರಡು ಸಲ ಸೇರುವ ತೊಂದರೆ ಇಲ್ಲಿ ಬಹಳ ಕಮ್ಮಿ. ಪೂರ್ತಿ ಇಲ್ಲ ಅನ್ನಲಾರೆ. ಎಂಟರ್ ಒತ್ತಿದ ಮೇಲೆ, ಉತ್ತರ ಬರುವ ಮೊದಲೇ ಕರೆಂಟ್ ಹೋದರೆ? ಎಂಟ್ರಿ ಸೇರಿತೋ ಇಲ್ಲವೋ ಗುಮಾಸ್ತರಿಗೆ ಗೊತ್ತಾಗುವುದಿಲ್ಲ, ಮತ್ತೆ ಹಾಕುತ್ತಾರೆ. ಅದಕ್ಕೆ ಖಾಲಿ ಫಾರಂ ತೋರಿಸುವಾಗಲೇ ಲಾಟ್ ನಂಬರ್ ಕೊಟ್ಟುಬಿಡಿ, ಗುಮಾಸ್ತರು ಅದನ್ನು ಚೀಟಿ ಮೇಲೂ ಬರೆದುಕೊಳ್ಳಲಿ. ಡೇಟಾಬೇಸಲ್ಲಿ ಒಂದು ಲಾಟ್ ನಂಬರ್ ಒಂದೇ ಸಲ ಅಂತ ಕಟ್ಟುನಿಟ್ಟು ಮಾಡಿ. ಮತ್ತೆ ಕನೆಕ್ಟ್ ಆದಾಗ ಕೊನೆಗೆ ಸೇರಿದ ಐದು ಲಾಟ್ ಮೇಲುಗಡೆ ತೋರಿಸಿದರೆ ಅನುಮಾನ ಪರಿಹಾರ.

ಡೇಟಾಗೆ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಸಾಕು. ಒಂದೇ ಫೈಲ್, ರಾತ್ರಿ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆಯಬಹುದು.

ತಪ್ಪು ಎಂಟ್ರಿ ತಡೆಯೋಕೆ ಲೈಬ್ರರಿಯಲ್ಲಿ ರೂಲ್ಸ್ ಅಂತ ಇದೆ. ಇದು ಖಾಲಿ ಇರಬಾರದು, ಇದು ಅಂಕಿಯೇ ಆಗಿರಬೇಕು ಅಂತ ಫೀಲ್ಡ್‌ಫೀಲ್ಡಿಗೂ ಹೇಳಬಹುದು. ನಿಮ್ಮದೇ ಪರೀಕ್ಷೆಯನ್ನೂ ಬರೆದು ಸೇರಿಸಬಹುದು. ತೂಕದಲ್ಲಿ 250.5 ಅಂತ ಬರುವುದರಿಂದ ಪೂರ್ಣಾಂಕದ ಪರೀಕ್ಷೆ ನಿಮಗೆ ಆಗುವುದಿಲ್ಲ, ನಿಮ್ಮದೇ ಬರೆಯಿರಿ. ಫೀಲ್ಡಿಗೆ "ಅಂಕಿ ಮಾತ್ರ" ಅಂತ ಗುರುತು ಹಾಕಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಅದನ್ನು ಪಾಲಿಸುವುದು ಆಚೆ ಕಡೆಯ ಎಮ್ಯುಲೇಟರಿಗೆ ಬಿಟ್ಟ ವಿಷಯ. ನಿಮ್ಮ ಕಡೆ ಬಂದ ಮೇಲೆ ಮತ್ತೊಮ್ಮೆ ನೋಡಲೇಬೇಕು.

ಗೋ ಭಾಷೆಯ ಕಡೆಯಿಂದ ಹೇಳುವುದಾದರೆ, ಒಂದು ಕನೆಕ್ಷನ್‌ಗೆ ಒಂದು ಗೋರುಟೀನ್ (ಜೊತೆಜೊತೆಗೇ ಓಡುವ ಹಗುರ ಕೆಲಸ) ಅಂತ ಬಿಡಿ. ಅದು ಶುರುವಾಗುವಾಗ ತೆಗೆದುಕೊಳ್ಳುವ ಸ್ಟಾಕ್ ಮೆಮೊರಿ ಬರೀ 2 ಕೆಬಿ. ಮಂಡಿಯಲ್ಲಿ ನಾಲ್ಕು ಜನ ಕೂತರೂ ನಲವತ್ತು ಜನ ಕೂತರೂ ಕಂಪ್ಯೂಟರಿಗೆ ಭಾರ ಇಲ್ಲ. ಎಲ್ಲರೂ ಮುಟ್ಟುವ ಮ್ಯಾಪ್ ಥರದ ಡೇಟಾ ಏನಾದರೂ ಇಟ್ಟರೆ, ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಕಾಯುವ ಮ್ಯೂಟೆಕ್ಸ್ ಮರೆಯಬೇಡಿ. ಕರೆಂಟ್ ಹೋಗಿ ಆಚೆ ಕಡೆ ಸತ್ತ ಕನೆಕ್ಷನ್‌ಗಳು ಸುಮ್ನೆ ನೇತಾಡುತ್ತಾ ಇರಬಾರದು ಅಂದರೆ ಸೆಟ್‌ಡೆಡ್‌ಲೈನ್ ಹಾಕಿ, ಇಷ್ಟು ಹೊತ್ತು ಅಲ್ಲಾಡದಿದ್ದರೆ ಮುಚ್ಚು ಅಂತ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸ್ಕ್ರೀನ್ ತೋರಿಸಿ ಕಾಯುವಾಗ ಡೇಟಾಬೇಸಿನ ಲಾಕ್ ಹಿಡಿದುಕೊಂಡಿರಬಾರದು. ಹಿಂದೆ ನಾನಿದ್ದ ಒಂದು ಪ್ರಾಜೆಕ್ಟಲ್ಲಿ ಹೀಗಾಗಿತ್ತು. ತಿದ್ದುವ ಸ್ಕ್ರೀನ್ ತೆರೆದ ಕೂಡಲೇ ಪ್ರೋಗ್ರಾಂ ಆ ದಾಖಲೆಯನ್ನು ಲಾಕ್ ಮಾಡುತ್ತಿತ್ತು. ಒಬ್ಬರು ಸ್ಕ್ರೀನ್ ತೆರೆದಿಟ್ಟು ಊಟಕ್ಕೆ ಹೋದರು. ಅವರು ಬರುವವರೆಗೆ ಉಳಿದವರೆಲ್ಲ ಕೀಬೋರ್ಡ್ ಲಾಕ್ ಆಗಿ ಕೂತರು, ಕೌಂಟರ್ ಮುಂದೆ ಜನ ನಿಂತೇ ಇದ್ದರು. ಸರಿಯಾದ ದಾರಿ ಇದು: ದಾಖಲೆ ಓದಿ, ಬಿಟ್ಟುಬಿಡಿ, ಸ್ಕ್ರೀನ್ ತೋರಿಸಿ. ಉತ್ತರ ಬಂದ ಮೇಲೆ, ನಡುವೆ ಬೇರೆ ಯಾರಾದರೂ ತಿದ್ದಿದ್ದಾರಾ ಅಂತ ನೋಡಿ, ಆಮೇಲೆ ಬರೆಯಿರಿ.

ನಿಮ್ಮ ಕೆಲಸಕ್ಕೆ ಉಪಯೋಗ ಆಗುವುದು ಇಲ್ಲೇ. ಮೇನ್‌ಫ್ರೇಮಲ್ಲಿ ಈ ಥರದ ಸ್ಕ್ರೀನ್ ಪ್ರೋಗ್ರಾಂಗಳನ್ನು ಓಡಿಸುವ ಐಬಿಎಂನ ಸಿಐಸಿಎಸ್ 1969ರಲ್ಲಿ ಬಂದಿದ್ದು. ಆಗ ಮೆಮೊರಿ ಚಿನ್ನದ ಬೆಲೆ. ಜನ ಯೋಚಿಸಿ ತುಂಬುವಷ್ಟು ಹೊತ್ತು ಪ್ರೋಗ್ರಾಂ ಒಂದನ್ನು ಮೆಮೊರಿಯಲ್ಲಿ ಸುಮ್ನೆ ಕೂರಿಸೋಕೆ ಆಗುತ್ತಿರಲಿಲ್ಲ. ಅದಕ್ಕೆ ಸೂಡೊ ಕಾನ್ವರ್ಸೇಷನಲ್ ಅನ್ನೋ ಪದ್ಧತಿ ಬೆಳೆಯಿತು: ಸ್ಕ್ರೀನ್ ಕಳಿಸು, ಮುಂದೆ ಬೇಕಾದ್ದನ್ನು ಕಾಮ್‌ಏರಿಯಾ ಅನ್ನೋ ಮೆಮೊರಿ ಜಾಗದಲ್ಲಿ ಇಡು, ಪ್ರೋಗ್ರಾಂ ಮುಗಿಸು. ಎಂಟರ್ ಒತ್ತಿದಾಗ ಮತ್ತೆ ಹುಟ್ಟು. ಟ್ರೇನಿಂಗಲ್ಲಿ ಇದನ್ನು ನಿಮಗೆ ಬಾಯಿಪಾಠ ಮಾಡಿಸಿರುತ್ತಾರೆ, ಅಲ್ವಾ? ಗೋ3270ನಲ್ಲಿ ಹ್ಯಾಂಡಲ್‌ಸ್ಕ್ರೀನ್ ಕಾಯುತ್ತಾ ನಿಲ್ಲುವುದರಿಂದ ನೀವು ಹಾಗೆ ಬರೆಯಲೇಬೇಕು ಅಂತಿಲ್ಲ. ಆದರೂ ಬೇಕಂತಲೇ ಹಾಗೆ ಬರೆದು ನೋಡಿ. ಒಂದೊಂದು ಸ್ಕ್ರೀನಿಗೆ ಒಂದೊಂದು ಫಂಕ್ಷನ್, ಅದು ಮುಗಿಯುವಾಗ ಮುಂದೆ ಯಾವ ಫಂಕ್ಷನ್ ಓಡಬೇಕು ಮತ್ತು ಅದಕ್ಕೆ ಏನು ಬೇಕು ಅಂತ ಮಾತ್ರ ಹೇಳಿ ಹೋಗಬೇಕು. ಎರಡು ಸ್ಕ್ರೀನ್ ಹೀಗೆ ಬರೆದರೆ, ಆಫೀಸಿನ ಕೋಬಾಲ್ ಪ್ರೋಗ್ರಾಂ ಯಾಕೆ ಅಷ್ಟೊಂದು ಕಡೆ ರಿಟರ್ನ್ ಟ್ರಾನ್‌ಸಿಡ್ (ಮುಗಿಸು, ಮುಂದೆ ಇದನ್ನು ಓಡಿಸು) ಅಂತ ಬರೆದುಕೊಂಡಿದೆ ಅಂತ ತಾನಾಗೇ ಅರ್ಥ ಆಗುತ್ತದೆ. ಸಿಐಸಿಎಸ್ ಸ್ಕ್ರೀನಿನ ನಕ್ಷೆಯಾದ ಬಿಎಂಎಸ್ ಮ್ಯಾಪ್ ತೆರೆದರೆ ಅಲ್ಲಿರುವ ಸಾಲು, ಕಾಲಂ, ಆಟ್ರಿಬ್ಯೂಟ್ ಎಲ್ಲ ನಿಮಗೆ ಪರಿಚಯದ ಮುಖ ಅನಿಸುತ್ತದೆ. ಕೋಬಾಲ್ ಭಾಷೆ, ಮೇನ್‌ಫ್ರೇಮಿಗೆ ಕೆಲಸ ಹೇಳುವ ಜೆಸಿಎಲ್, ಡಿಬಿ2 ಡೇಟಾಬೇಸ್ ಇದರಿಂದ ಬರುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು. ಮನೆಯಲ್ಲೇ, ಮೇನ್‌ಫ್ರೇಮನ್ನೇ ಅನುಕರಿಸುವ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿಕೊಂಡು ಅದರ ಹಳೇ ಆಪರೇಟಿಂಗ್ ಸಿಸ್ಟಂ ಎಂವಿಎಸ್ 3.8 ಓಡಿಸುವವರೂ ಇದ್ದಾರೆ, ಜೆಸಿಎಲ್ ಕೈಗೆ ಕೂರಬೇಕಾದರೆ ಅದು ಒಳ್ಳೇದು.

ಇಂಟರ್ನೆಟ್‌ಗೆ ಬಿಡಬಹುದಾ ಅಂತ ಕೇಳಿದ್ದೀರಿ. ಹಾಗೇ ಬಿಡಬೇಡಿ. ಟೆಲ್ನೆಟ್‌ನಲ್ಲಿ ಹೋಗುವುದೆಲ್ಲ ಬಿಚ್ಚಿಟ್ಟ ಪುಸ್ತಕ. ಪಾಸ್‌ವರ್ಡ್ ಫೀಲ್ಡಿಗೆ ಹಿಡನ್ ಅಂತ ಹಾಕಿದರೆ ಸ್ಕ್ರೀನಲ್ಲಿ ಕಾಣುವುದಿಲ್ಲ ಅಷ್ಟೇ, ತಂತಿಯಲ್ಲಿ ಅದು ಹಾಗೇ ಹೋಗುತ್ತದೆ. ಎಬ್ಸಿಡಿಕ್ ಇದೆಯಲ್ಲ, ಯಾರಿಗೂ ಅರ್ಥ ಆಗುವುದಿಲ್ಲ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಗೂಢಲಿಪಿ ಅಲ್ಲ, ಬರೀ ಇನ್ನೊಂದು ಅಕ್ಷರಮಾಲೆ. ಮೇಲೆ 250 ಅನ್ನು ನಾವೇ ಓದಿದೆವಲ್ಲ. ಗೋ3270 ಸಾಮಾನ್ಯ ನೆಟ್ ಕನೆಕ್ಷನ್ ಮೇಲೆ ಕೆಲಸ ಮಾಡುವುದರಿಂದ, ಗೋ ಭಾಷೆಯಲ್ಲೇ ಇರುವ, ಗೂಢಲಿಪಿಯಲ್ಲಿ ಮಾತಾಡುವ ಟಿಎಲ್‌ಎಸ್ ಲಿಸನರ್ ಹಾಕಿದರೆ ಎಲ್ಲ ಗುಟ್ಟಾಗಿ ಹೋಗುತ್ತದೆ. ಎಕ್ಸ್3270ಗೆ ಟಿಎಲ್‌ಎಸ್ ಬರುತ್ತದೆ. ಆದರೂ ನನ್ನ ಸಲಹೆ: ಸರ್ವರ್ ಮಂಡಿಯ ಒಳಗಿನ ನೆಟ್‌ವರ್ಕಲ್ಲೇ ಇರಲಿ, ಮನೆಯಿಂದ ನೋಡಬೇಕಾದರೆ ವಿಪಿಎನ್ (ಇಂಟರ್ನೆಟ್ ಒಳಗಿನ ಖಾಸಗಿ ದಾರಿ) ಮೂಲಕ ಬನ್ನಿ. ರೈತರ ಲೆಕ್ಕ ಅದು, ಅದರ ಜವಾಬ್ದಾರಿ ನಿಮ್ಮದು.

ಕನ್ನಡದ ವಿಷಯಕ್ಕೆ ಬಂದರೆ ಉತ್ತರ ಬೇಸರದ್ದೇ. ಬರುವುದಿಲ್ಲ. ಇಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಸ್ಕ್ರೀನಲ್ಲಿ ಒಂದು ಚೌಕ. ಒಂದು ಬೈಟಲ್ಲಿ 256 ಬಗೆ ಮಾತ್ರ ಸಾಧ್ಯ. ಲೈಬ್ರರಿ ಬಳಸುವ ಎಬ್ಸಿಡಿಕ್ ಪಟ್ಟಿಯಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರ ತುಂಬಿಕೊಂಡಿವೆ. ನಮ್ಮ "ಸ್ತ್ರೀ" ಒಂದನ್ನೇ ತೆಗೆದುಕೊಳ್ಳಿ. ಯುನಿಕೋಡಲ್ಲಿ ಅದು ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್, ಕಣ್ಣಿಗೆ ಒಂದೇ ಅಕ್ಷರ. ಮೇಲೊಂದು ಕೆಳಗೊಂದು ಒತ್ತು ಬರುವ ಲಿಪಿಯನ್ನು ಈ ಚೌಕಗಳಲ್ಲಿ ಕೂರಿಸಲು ಆಗುವುದಿಲ್ಲ. ಸ್ಕ್ರೀನಲ್ಲಿ ಖಾತೆ ನಂಬರ್ ಮತ್ತು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು ಇಟ್ಟುಕೊಳ್ಳಿ. ಎಸ್‌ಕ್ಯೂಲೈಟ್ ಒಳಗೆ ಅದೇ ಖಾತೆಗೆ ಕನ್ನಡದ ಹೆಸರನ್ನೂ ಇಡಿ, ಅದಕ್ಕೇನೂ ತೊಂದರೆ ಇಲ್ಲ. ಲೆಕ್ಕದ ಪಟ್ಟಿ ಪ್ರಿಂಟ್ ಆಗುವಾಗ ಕನ್ನಡದಲ್ಲೇ ಬರಬೇಕು. ರೈತರ ಕೈಗೆ ಹೋಗುವ ಕಾಗದ ಅದು, ಅಲ್ಲಿ ಅವರ ಹೆಸರು ಅವರು ಓದುವ ಲಿಪಿಯಲ್ಲೇ ಇರಬೇಕು ಅನ್ನೋದು ನನ್ನ ಪಟ್ಟು.

ಹೀಗೆ ಮಾಡಬೇಕಾದರೆ ಲೆಕ್ಕದ ಭಾಗವನ್ನು ಸ್ಕ್ರೀನ್ ಭಾಗದಿಂದ ಬೇರೆ ಇಡಿ. ತೂಕಕ್ಕೂ ದರಕ್ಕೂ ಗುಣಿಸುವುದು, ಕಡಿತ ಹಾಕುವುದು, ಪಟ್ಟಿ ಮಾಡುವುದು ಯಾವುದಕ್ಕೂ 3270 ಅನ್ನೋ ಹೆಸರೇ ಗೊತ್ತಿರಬಾರದು. ನಾಳೆ ನೀವು ಬೇರೆ ಊರಿಗೆ ಹೋದರೆ, ಅಣ್ಣ ಇನ್ನೊಬ್ಬರಿಂದ ಅದೇ ಲೆಕ್ಕದ ಮೇಲೆ ವೆಬ್ ಪುಟ ಕಟ್ಟಿಸಿಕೊಳ್ಳಬಹುದು.

ಈ ಭಾನುವಾರ ಒಂದು ಸ್ಕ್ರೀನ್ ಕಟ್ಟಿ, ಮಂಡಿ ನಡೆಯುವ ದಿನ ಗುಮಾಸ್ತರ ಪಕ್ಕ ಕೂತು ಹತ್ತು ಲಾಟ್ ಅವರ ಕೈಯಲ್ಲೇ ಹಾಕಿಸಿ. ಪುಸ್ತಕದಲ್ಲಿ ಬರೆಯುವುದು ಇನ್ನೊಂದು ತಿಂಗಳು ನಿಲ್ಲಿಸಬೇಡಿ. ಯಾವ ಫೀಲ್ಡಲ್ಲಿ ಅವರ ಕೈ ತಡೆಯುತ್ತದೆ ಅಂತ ಬರೆದುಕೊಂಡು ಬನ್ನಿ. ಫೀಲ್ಡ್‌ಗಳ ಕ್ರಮ ಅವರ ಪುಸ್ತಕದ ಕಾಲಂಗಳ ಕ್ರಮದಲ್ಲೇ ಇದೆಯಾ ಅಂತ ಮೊದಲು ನೋಡಿ, ಬಹಳ ಸಲ ತಡೆಯುವುದು ಅಲ್ಲೇ.